ಹುತ್ತ ಕಟ್ಟುವ ಹಾವಿನ ವಿಷಯವಾಗಿ ಕೈಪಿಡಿಕಾರರಿಗೆ ಒಂದು ಅರಿಕೆ

ಎರಡು ಸಾವಿರದ ಒಂದು ಪ್ರಶ್ನೆಗಳಿಗೂ ಎರಡು ಸಾವಿರ ಉತ್ತರಗಳಿಗೂ ಜನ್ಮದಾತರಾದ, ‘ಸರ್ವವಿಷಯ ಪ್ರಶ್ನೋತ್ತರ ಕೈಪಿಡಿ’ಯ ಸಂಪಾದಕ ಶ್ರೀ ನಾಗಲಿಂಗಯ್ಯನವರ ಸನ್ನಿಧಿಗೆ, ಮಧುಗಿರಿ ತಾಲ್ಲೂಕು ಕೊಡಿಗೇನಹಳ್ಳಿಯಿಂದ ಜ್ಯೋತಿಲಕ್ಷ್ಮಿ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ; ಮನೆಗೆ ಬರಬೇಕಾಗಿದ್ದ ಗ್ರೈಂಡರ್ ಒಂದು ಬರಲಿಲ್ಲ, ಅಷ್ಟೇ. ಅದು ಏಕೆ ಬರಲಿಲ್ಲವೆಂಬುದನ್ನು ತಮ್ಮಂಥ ಜ್ಞಾನನಿಧಿಗಳಲ್ಲಿ ನಿವೇದಿಸಿಕೊಳ್ಳದಿದ್ದರೆ ಊಟ ಸೇರುವುದಿಲ್ಲವಾದ್ದರಿಂದ ಈ ಪತ್ರ.

ನಮ್ಮ ಮನೆಯಲ್ಲಿ ಟೀವಿ ಒಂದು, ಹೆಂಗಸರು ಇಬ್ಬರು. ಸಂಜೆ ಏಳಕ್ಕೆ ನಮ್ಮ ಅತ್ತೆ ಓಬಕ್ಕನವರಿಗೆ ಧಾರಾವಾಹಿ ಬೇಕು, ಬಿ.ಎ. ಓದಿ ಸರ್ಕಾರಿ ಪರೀಕ್ಷೆಗಳನ್ನು ಬರೆಯುತ್ತಲೇ ಇರುವ ನನಗೆ ವಾರ್ತೆ ಬೇಕು. ಯುಗಾದಿಯಾದ ಮರುವಾರ ಈ ವಿಷಯ ವಿಕೋಪಕ್ಕೆ ಹೋಗಿ, ರಿಮೋಟು ರಾಗಿ ಡ್ರಮ್ಮಿನೊಳಗೆ ಮಾಯವಾಗಿ, ನಾವಿಬ್ಬರೂ ನೇರ ಮಾತು ಬಿಟ್ಟೆವು. ನಾನು ಪಕ್ಕದಲ್ಲೇ ನಿಂತಿದ್ದರೂ ಅವರು ನನ್ನ ಪತಿ ಕಿರಣ್‌ಕುಮಾರ್ ಅವರಿಗೆ, “ಲೇ ಕಿರಣ, ಸಾರಿಗೆ ಉಪ್ಪು ಸಾಲ್ದು ಅಂತ ಅವ್ಳಿಗೆ ಹೇಳ್ಲಾ” ಎನ್ನುತ್ತಿದ್ದರು. ಮೂರು ತಿಂಗಳು ಈ ಟಪಾಲು ಸೇವೆ ಸಲ್ಲಿಸಿ ಬಸವಳಿದ ಪತಿರಾಯರು, ಮಧುಗಿರಿಯ ಕೇಬಲ್ ವಾಹಿನಿಯವರು ನಾಲ್ಕು ತಾಲ್ಲೂಕಿನವರಿಗಾಗಿ ಏರ್ಪಡಿಸಿದ್ದ ಅತ್ತೆ–ಸೊಸೆ ರಸಪ್ರಶ್ನೆಗೆ ನಮ್ಮನ್ನು ಕೇಳದೆಯೇ ಹೆಸರು ಕೊಟ್ಟು ಬಂದರು. ಅತ್ತೆ ಸೊಸೆ ಪರಸ್ಪರ ಮಾತಾಡಿಕೊಂಡು ಒಂದೇ ಉತ್ತರ ಹೇಳಬೇಕೆಂಬುದು ಅಲ್ಲಿನ ನಿಯಮ. ಬಹುಮಾನ ಗ್ರೈಂಡರ್.

ಮರುದಿನವೇ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ತಮ್ಮ ಅಮೂಲ್ಯ ಕೃತಿಯನ್ನು ಕೊಂಡುಕೊಂಡೆ. ಅದರ ಗುಣಗಾನ ಮಾಡಲು ನನ್ನಿಂದಾದೀತೇ! ಪ್ರಚಲಿತ ವಿದ್ಯಮಾನಗಳ ವಿಭಾಗದಲ್ಲಿ ಪ್ಲೂಟೊ ಇನ್ನೂ ಗ್ರಹವಾಗಿಯೇ ಸೇವೆಯಲ್ಲಿದೆ. ‘ಛಾಯಾಚಿತ್ರ ನೋಡಿ ಪ್ರಾಣಿಯನ್ನು ಗುರುತಿಸಿ’ ಎಂಬಲ್ಲಿ ಪುಟದ ತುಂಬ ಮಸಿಯಿದ್ದು, ಅದು ಕರಡಿಯೂ ಆಗಬಹುದು, ಕರೆಂಟು ಹೋದ ನಮ್ಮ ಅಡುಗೆಮನೆಯೂ ಆಗಬಹುದು. ಪದಜ್ಞಾನದ ಪ್ರಕಾರ ‘ಉಪಕಾರ’ಕ್ಕೆ ವಿರುದ್ಧ ಪದ ‘ನರಕ’. ಇಷ್ಟಾದರೂ ಮುಖಪುಟದಲ್ಲಿ ‘ಹದಿನೆಂಟನೇ ಮುದ್ರಣ’ ಎಂದಿದ್ದುದರಿಂದ, ಹದಿನೆಂಟು ಸಲ ಅಚ್ಚಾದದ್ದು ತಪ್ಪಿರಲಾರದು, ತಪ್ಪೇನಿದ್ದರೂ ನನ್ನ ಬಿ.ಎ.ಯಲ್ಲೇ ಇರಬೇಕೆಂದು ಸಮಾಧಾನ ಮಾಡಿಕೊಂಡು ಗಟ್ಟಿಯಾಗಿ ಓದಿ ಬಾಯಿಪಾಠ ಮಾಡಿದೆ. ಅತ್ತೆ ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ತಡೆಯಲಾರದೆ, “ಕಿರಣ, ಕಾಗೆ ಗೂಡಲ್ಲಿ ಮೊಟ್ಟೆ ಇಕ್ಕೋದು ಬಾವ್ಲಿ ಅಂತಾಳಲ್ಲ, ಬಾವ್ಲಿ ಮೊಟ್ಟೆ ಇಕ್ಕಿದ್ನ ಇವ್ಳು ಯಾವಾಗ ನೋಡಿದ್ಲು, ಕೇಳ್ಲಾ” ಎಂದರು. ನಾನೂ ಪತಿಯ ಮೂಲಕವೇ, “ಅಚ್ಚಾಗಿದೆ ಅಂತ ಹೇಳ್ರಿ” ಎಂದೆ.

ಸ್ಪರ್ಧೆಯ ದಿನ ಸಮುದಾಯ ಭವನ ತುಂಬಿತ್ತು. ಕೊರಟಗೆರೆಯವರು ಮೊದಲ ಸುತ್ತಿಗೇ ಮನೆಗೆ ಹೋದರು, ಶಿರಾದವರು ಎರಡನೆಯದಕ್ಕೆ. ಕೊನೆಗೆ ಉಳಿದದ್ದು ನಾವು ಮತ್ತು ಪಾವಗಡ ತಾಲ್ಲೂಕು ನಿಡುಗಲ್ಲಿನ ಪಟಾಲಮ್ಮ, ಅವರ ಸೊಸೆ. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದು ಯಾವುದೆಂಬ ಪ್ರಶ್ನೆ ಅವರಿಗೇ ಬಂತು. ಪಟಾಲಮ್ಮ “ಕೋಗಿ...” ಎಂದು ಬಾಯಿ ತೆರೆಯುವಷ್ಟರಲ್ಲಿ ಸೊಸೆ ತೋಳು ಚಿವುಟಿ ಕಿವಿಯಲ್ಲಿ ಏನೋ ಹೇಳಿದಳು. ಪಟಾಲಮ್ಮ ನಿಟ್ಟುಸಿರು ಬಿಟ್ಟು, ಬಾವಲಿಯನ್ನು ತಮ್ಮ ಕಡೆಯ ತೆಲುಗಿನಲ್ಲಿ, “ಗಬ್ಬಿಲಂ ಅಂತೆ” ಎಂದರು. “ಸರಿಯಾದ ಉತ್ತರ!” ಎಂದು ನಿರೂಪಕ ಪ್ರಸನ್ನ ಕುಮಾರ್ ಕೂಗಿದರು. ಆಗ ನೋಡಿದೆ, ಅವರ ಕೈಯಲ್ಲಿದ್ದದ್ದು ತಮ್ಮದೇ ಹಳದಿ ರಟ್ಟಿನ ಕೈಪಿಡಿ.

ಅಂಕ ಸಮಸಮವಾಯಿತು. ನಮಗೆ ಕೊನೆಯ ಪ್ರಶ್ನೆ, ತಪ್ಪಿದರೆ ಬಹುಮಾನ ಎದುರಾಳಿಗಳಿಗೆ: ಹುತ್ತ ಕಟ್ಟುವ ಜೀವಿ ಯಾವುದು? ತಮ್ಮ ಕೈಪಿಡಿಯ ಪ್ರಕಾರ ಹಾವು. ನಾನು ಅದನ್ನು ಉಸುರುತ್ತಿದ್ದಂತೆ ಅತ್ತೆ, ನಡುವೆ ಮಗನಿಲ್ಲವೆಂಬುದನ್ನೂ ಮರೆತು, ಮೂರು ತಿಂಗಳಲ್ಲಿ ಮೊದಲ ಬಾರಿಗೆ ನನ್ನತ್ತಲೇ ತಿರುಗಿ, “ಲೇ ಜ್ಯೋತಿ, ಗೆದ್ಲು ಕಣೇ! ಗೆದ್ಲು ಕಟ್ಟಿದ ಮನೆಗೆ ಹಾವು ಬಂದು ಸೇರ್ಕಂತದೆ, ಅಷ್ಟೇಯ” ಎಂದರು. ಹಾಗೆನ್ನುವಾಗ ಅವರು ನನ್ನನ್ನು ನೋಡಿದ ನೋಟ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಸೆರೆಯಾಗಿದೆ. ಸಭೆ ಬಿದ್ದು ಬಿದ್ದು ನಕ್ಕಿತು. “ಹತ್ತು ಸೆಕೆಂಡು ಅಮ್ಮಾ. ಹಾವಾ, ಗೆದ್ಲಾ?” ಎಂದರು ನಿರೂಪಕರು.

ಮಾನ್ಯರೇ, ಹಾವು ಎಂದರೆ ಗ್ರೈಂಡರ್ ನಮ್ಮದೆಂದು ಆ ಭವನದಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನನ್ನ ಬಾಯನ್ನೇ ನೋಡುತ್ತಿದ್ದರು. ಅಷ್ಟು ಜನರ ಮುಂದೆ, ಅಷ್ಟು ದೀಪಗಳ ಕೆಳಗೆ, ಹೊಲದಲ್ಲಿ ಅರವತ್ತು ವರ್ಷ ಕಂಡದ್ದನ್ನು ಸೊಸೆ ಸುಳ್ಳೆನ್ನುವಳೋ ಏನೋ ಎಂಬ ಅಳುಕು ಆ ಮುಖದಲ್ಲಿತ್ತು. ರಿಮೋಟಿನ ಜಗಳದಲ್ಲೂ ಅವರು ನನ್ನೆದುರು ಹಾಗೆ ಅಳುಕಿದವರಲ್ಲ. “ಗೆದ್ಲು. ನಮ್ಮತ್ತೆ ಹೇಳಿದ್ದೇ ಸರಿ” ಎಂದುಬಿಟ್ಟೆ. ನಿರೂಪಕರು ತಪ್ಪು ಎಂದರು. ಸಭೆ ಗಲಾಟೆಯೆಬ್ಬಿಸಿದಾಗ ತಮ್ಮ ಪುಸ್ತಕದ ಉತ್ತರದ ಪುಟವನ್ನು ತೆರೆದು ಹಿಡಿದರು, ಗಲಾಟೆ ತಣ್ಣಗಾಯಿತು. ಗ್ರೈಂಡರನ್ನು ಸೊಸೆಯ ಕೈಗೆ ಕೊಟ್ಟು ಬಂದ ಪಟಾಲಮ್ಮ ಮಾತ್ರ ಅತ್ತೆಯ ಕೈ ಹಿಡಿದುಕೊಂಡು, “ಗೆದ್ಲೇ ಕಣಕ್ಕಾ, ನಮ್ಗೂ ಗೊತ್ತು. ಏಂ ಚೇಸ್ತಾಂ, ಏನ್ ಮಾಡಾದು, ಬುಕ್ಕಲ್ಲಿ ಅಂಗೈತೆ” ಎಂದರು.

ವಾಪಸು ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕದಲ್ಲೇ ಕುಳಿತರು. ಊರ ದಾರಿ ಅರ್ಧ ಸವೆದ ಮೇಲೆ, “ಹಾವು ಅಂದಿದ್ರೆ ಗ್ರೈಂಡ್ರು ಬರ್ತಿತ್ತಲ್ಲೇ, ಯಾಕಂಗಂದೆ?” ಎಂದು ಕೇಳಿದರು. “ನೀವು ಹೇಳಿದ್ದು ನಿಜ ಅಲ್ವಾ ಅತ್ತೆ” ಎಂದೆ. ಅವರು ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಬಿಚ್ಚಿ ನನ್ನ ಮಡಿಲಲ್ಲಿಟ್ಟು, “ಒರಳುಕಲ್ಲು ಐತಲ್ಲ, ಬುಡು. ಇಬ್ರೂ ಸೇರಿ ರುಬ್ಬಾನ” ಎಂದರು. ಹಿಂದಿನ ಸೀಟಿನಲ್ಲಿದ್ದ ಕಿರಣ್‌ಕುಮಾರ್ ಅವರು, ಹುದ್ದೆ ರದ್ದಾದ ನೌಕರನಂತೆ, ನೆಮ್ಮದಿಯಾಗಿ ನಿದ್ದೆಹೋದರು.

ಮನೆಗೆ ಬಂದು ಕೂಲಂಕಷವಾಗಿ ನೋಡಿದಾಗ ತಮ್ಮ ಲೀಲೆ ತಿಳಿಯಿತು. ನೇತಾಡುವ ಗೂಡು ನೇಯುವ ಹಕ್ಕಿ ಯಾವುದೆಂಬ ೬೧೪ನೇ ಪ್ರಶ್ನೆಗೆ ‘ಗೀಜಗ’ ಎಂದು ಅಚ್ಚು ಹಾಕುವುದು ಮರೆತು, ಅಲ್ಲಿಂದಾಚೆಗೆ ಪ್ರತಿ ಉತ್ತರವೂ ಒಂದೊಂದು ಮೆಟ್ಟಿಲು ಮೇಲೆ ಹತ್ತಿ ಕುಳಿತಿದೆ. ಹೀಗೆ ಕೋಗಿಲೆಯ ಜಾಗಕ್ಕೆ ಬಾವಲಿ, ತಲೆಕೆಳಗಾಗಿ ಮಲಗುವ ಬಾವಲಿಯ ಜಾಗಕ್ಕೆ ಗೆದ್ದಲು, ಗೆದ್ದಲಿನ ಜಾಗಕ್ಕೆ ಹಾವು ಬಂದಿವೆ. ಕೊನೆಯ ಪ್ರಶ್ನೆ ಉತ್ತರವೇ ಇಲ್ಲದೆ ಬಾಯಿ ತೆರೆದುಕೊಂಡಿದೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ: ಹತ್ತೊಂಬತ್ತನೇ ಮುದ್ರಣದಲ್ಲಿ ಉತ್ತರಗಳನ್ನು ಕೆಳಗಿಳಿಸುವುದು ತಮ್ಮ ಘನತೆಗೆ ಕುಂದೆನಿಸಿದಲ್ಲಿ, ದಯಮಾಡಿ ಸೃಷ್ಟಿಯನ್ನೇ ತಿದ್ದಿಕೊಡಬೇಕು. ನಾಲ್ಕೂ ತಾಲ್ಲೂಕುಗಳ ಹಾವುಗಳಿಗೆ ಮಣ್ಣಿನ ಕೆಲಸದಲ್ಲಿ ತರಬೇತಿ ಕೊಡಿಸಬೇಕು. ಗೆದ್ದಲುಗಳು ತಲೆಕೆಳಗಾಗಿ ನೇತಾಡಿ ಮಲಗಲು ತಕ್ಕ ಕೊಂಬೆಗಳನ್ನು ಮಂಜೂರು ಮಾಡಿಸಬೇಕು. ಮೊಟ್ಟೆಯಿಡಲು ಬಾವಲಿಗಳಿಗೆ ಮೂರು ವರ್ಷ ಕಾಲಾವಕಾಶ ಕೊಟ್ಟು ಲಿಖಿತ ಆದೇಶ ಕಳಿಸಬೇಕು. ಆದೇಶದ ಒಂದು ಪ್ರತಿ ನಮಗೂ ಬಂದರೆ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸುತ್ತೇವೆ.

ಅಚ್ಚಿನ ಅಕ್ಷರವನ್ನು ಇನ್ನೂ ಪೂರ್ತಿ ಕೈಬಿಡದ,
ತಮ್ಮ ವಿಶ್ವಾಸಿ,
ಜ್ಯೋತಿಲಕ್ಷ್ಮಿ

ಮರೆತಿದ್ದ ಮಾತು: ಕಾರ್ಯಕ್ರಮ ಪ್ರಸಾರವಾದ ಮೇಲೆ ನಮ್ಮೂರ ಶಾಲೆಯ ಮೇಷ್ಟ್ರು ಮನೆಗೆ ಬಂದು, ಶನಿವಾರಗಳಂದು ಮಕ್ಕಳಿಗೆ ಹಕ್ಕಿ–ಹುಳುಗಳ ವಿಷಯ ಹೇಳಿಕೊಡಲು ಅತ್ತೆಯವರನ್ನು ಒಪ್ಪಿಸಿದ್ದಾರೆ. ಈ ಪತ್ರ ಓದಿ ಹೇಳಿದಾಗ ಅತ್ತೆ ತಮಗೆ ತಿಳಿಸಲು ಹೇಳಿದ್ದು ಇಷ್ಟು: “ಪಾಪ, ಆವಯ್ಯನಿಗೂ ಬರಕ್ಕೇಳು. ಮೂರ್ನೇ ಕ್ಲಾಸ್ನಲ್ಲಿ ಮುಂದಿನ್ ಸಾಲಲ್ಲೇ ಕೂರಿಸ್ತೀನಿ.”