ಫೋನಿನೊಳಗಿನ ಡಾಕ್ಟರು

ನನ್ನ ಮುಖದಲ್ಲಿ ಏನೋ ಕೊರತೆಯಿದೆ. ಅದನ್ನು ನೋಡಿದ ರೋಗಿಗಳಿಗೆ ತಮ್ಮ ಕಾಯಿಲೆಯ ಬಗ್ಗೆ ಹೊಸದಾಗಿ ಭಯ ಹುಟ್ಟುತ್ತದೆ. ಎಂ.ಬಿ.ಬಿ.ಎಸ್. ಮುಗಿಸಿ ಬ್ಯಾಡಗಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಕಲಿಯಲು ಕೂತಾಗ ಮೀಸೆ ಬಿಟ್ಟು ನೋಡಿದೆ, ನಂಬರಿಲ್ಲದ ಕನ್ನಡಕ ಹಾಕಿ ನೋಡಿದೆ. ಏನೂ ಉಪಯೋಗವಾಗಲಿಲ್ಲ. ಬಂದವರು ನನ್ನ ಭುಜದಾಚೆ ಇಣುಕಿ, "ಡಾಕ್ಟ್ರು ಎಲ್ಲಿ ಹೋಗ್ಯಾರ್ರಿ?" ಎಂದು ನನ್ನನ್ನೇ ಕೇಳುತ್ತಿದ್ದರು.

ಡಾಕ್ಟರು ರಾಣೆಬೆನ್ನೂರಿನಲ್ಲಿದ್ದರು. ಆಸ್ಪತ್ರೆ ಅವರದು, ನಾನು ಅವರ ಕೈಕೆಳಗೆ ಕಲಿಯುವವನು. ವಾರಕ್ಕೆರಡು ಸಲ ಬರುತ್ತಿದ್ದರು, ಉಳಿದ ದಿನ ಮೊಬೈಲಿನಲ್ಲೇ ಉಸ್ತುವಾರಿ. ನಾನು ರೋಗಿಯನ್ನು ನೋಡಿ ಫೋನಿನಲ್ಲಿ ವಿವರಿಸಬೇಕು, ಅವರು ಹೂಂ ಎನ್ನಬೇಕು. ಹೆಚ್ಚಿನ ದಿನ ಅವರು ಹೂಂ ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲ. ಆದರೂ ರೋಗಿಗಳಿಗೆ ಆ ಹೂಂ ಬೇಕೇ ಬೇಕು. ಮೆಣಸಿನಕಾಯಿ ದಲಾಲರೊಬ್ಬರು ನನ್ನ ಕೈಯಿಂದ ಫೋನ್ ಕಸಿದು, ಅದರೊಳಗೆ ಮೂರು ಸಲ ಕೆಮ್ಮಿ, "ಕೇಳಸ್ತೇನ್ರಿ ಸಾಹೇಬ್ರ?" ಎಂದು ವಿಚಾರಿಸಿದ್ದರು. ಸ್ಟೆತಸ್ಕೋಪ್ ಹಿಡಿದು ಪಕ್ಕದಲ್ಲೇ ನಿಂತ ನನ್ನತ್ತ ತಿರುಗಿಯೂ ನೋಡಲಿಲ್ಲ.

ಫಕ್ಕೀರವ್ವ ಬಂದದ್ದು ಒಂದು ಮಂಗಳವಾರ ಮಧ್ಯಾಹ್ನ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದ, ಅರವತ್ತರ ಆಸುಪಾಸಿನ ಹೆಂಗಸು. ಜೊತೆಗೆ ಮಗಳು ರತ್ನವ್ವ. "ಎದಿ ಉರಿಯಾಕತ್ತೈತಿ. ಖಾರದ ಘಾಟು ಏರೈತಿ, ಒಂದು ಗುಳಿಗಿ ಕೊಡು" ಎಂದಳು ತಾಯಿ. ಅವಳ ಮುಖದ ಬೆವರು ನೋಡಿ ನನಗೆ ಗಾಬರಿಯಾಯಿತು. ಇಸಿಜಿ ತೆಗೆದೆ. ಹೃದಯಾಘಾತವೇ ಆಗಿತ್ತು.

"ಅವ್ವಾ, ಈಗಿಂದೀಗ ಹಾವೇರಿ ದೊಡ್ಡ ಆಸ್ಪತ್ರಿಗೆ ಹೋಗಬೇಕು" ಎಂದೆ.

"ಫೋನಿನ ಡಾಕ್ಟ್ರು ಏನಂತಾರ?"

ಫೋನ್ ಹತ್ತಲಿಲ್ಲ. ಐದು ಸಲ ಪ್ರಯತ್ನಿಸಿದೆ. ಅವಳು ಸೆರಗು ಸರಿಮಾಡಿಕೊಂಡು ಎದ್ದಳು. "ನೀ ಇನ್ನೂ ಕಲ್ಯಾಕತ್ತಿ ತಮ್ಮಾ. ಅವರು ಹೇಳ್ಲಾರದ ನಾ ಎಲ್ಲೀಗೂ ಹೋಗಂಗಿಲ್ಲ." ಬಾಗಿಲತನಕ ಹೋದವಳು ಗೋಡೆ ಹಿಡಿದು ನಿಂತಳು. ರತ್ನವ್ವ ಅಳತೊಡಗಿದಳು. ಐದೂವರೆ ವರ್ಷ ಓದಿದ್ದೆಲ್ಲ ಆ ಗೋಡೆಯ ಮುಂದೆ ಕೆಲಸಕ್ಕೆ ಬಾರದೆ ಹೋಯಿತು.

ಸದ್ದಿಲ್ಲದ ಫೋನನ್ನು ಕಿವಿಗಿಟ್ಟುಕೊಂಡೆ. "ನಮಸ್ಕಾರ ಸರ್. ಹಾರ್ಟ್ ಅಂತೀರೇನ್ರಿ? ಆತ್ರಿ ಸರ್, ಈಗ ಕಳಸ್ತೇನ್ರಿ." ನನ್ನ ಕಣ್ಣಲ್ಲಿ ನೀರಾಡುತ್ತಿತ್ತು, ಬೈಸಿಕೊಂಡೆನೆಂದು ಅವಳು ತಿಳಿದಿರಬೇಕು. ಕೊಟ್ಟ ಗುಳಿಗೆ ಅಗಿದು, ಮರುಮಾತಿಲ್ಲದೆ ಆಸ್ಪತ್ರೆಯ ಜೀಪು ಹತ್ತಿದಳು. ಹಾವೇರಿಯವರೆಗೆ ಅವಳ ನಾಡಿ ಹಿಡಿದುಕೊಂಡೇ ಕೂತಿದ್ದೆ.

ಮೂರು ವಾರದ ಮೇಲೆ ಫಕ್ಕೀರವ್ವ ಇಳಿದುಹೋದ ಮೈಯಲ್ಲಿ, ಆದರೆ ತನ್ನ ಕಾಲ ಮೇಲೆ ನಡೆದು ಬಂದಳು. ಕೈಯಲ್ಲಿ ಒಂದು ಚೀಲ ಮೆಣಸಿನಕಾಯಿ. "ಇದನ್ನ ಫೋನಿನ ಡಾಕ್ಟ್ರಿಗೆ ಮುಟ್ಸು" ಎಂದಳು. ನನಗೆ ತಡೆಯಲಾಗಲಿಲ್ಲ. ಅವತ್ತು ಫೋನ್ ಹತ್ತಲೇ ಇಲ್ಲ, ಕಳಿಸಿದ್ದು ನಾನೇ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಅವಳು ನನ್ನನ್ನು ಮರುಕದಿಂದ ನೋಡಿದಳು. "ಹಿರ್ಯಾರು ಮಾಡಿದ್ದನ್ನ ನಾ ಮಾಡಿದೆ ಅನಬಾರ್ದು ತಮ್ಮಾ. ನೀನೂ ಕಲೀತಿ, ಅವಸರ ಮಾಡಬ್ಯಾಡ."

ಶನಿವಾರ ಡಾಕ್ಟರು ಬಂದಾಗ ಚೀಲ ಕೊಟ್ಟೆ. ರಿಜಿಸ್ಟರಿನಲ್ಲಿ ಓದಿದ್ದ ಕೇಸು ಅವರಿಗೆ ನೆನಪಿತ್ತು, ಫೋನು ನೆನಪಿರಲಿಲ್ಲ. "ಅವತ್ತ ನಾ ಏನ್ ಹೇಳಿದ್ದೆನೋ?" ಎಂದರು. ನಿಜ ನಾಲಗೆಯ ತುದಿಯಲ್ಲಿತ್ತು.

"ಹಾವೇರಿಗೆ ಕಳ್ಸು ಅಂದಿದ್ರಿ ಸರ್."

"ಸರಿಯಾಗೇ ಹೇಳೀನಲ್ಲ" ಎಂದು ಅವರು ಚೀಲ ಹಿಡಿದು ಕಾರಿನಲ್ಲಿ ಕೂತರು. ಕಾರಿನ ಬಾಗಿಲನ್ನು ನಾನೇ ಹಾಕಿದೆ.