ಕೆಟ್ರ ಏನು ಮಾಡಾದು?

ನಮ್ಮಣ್ಣ ಅಂಗಡಿಗೆ ಹೋದರೆ ವಸ್ತುವನ್ನು ಕೊಳ್ಳುವ ಮೊದಲೇ ಕೆಡಿಸಿಬಿಡುತ್ತಾನೆ. ಕೈಯಿಂದಲ್ಲ, ಬಾಯಿಂದ! ಅಂಗಡಿಯವನು ಹೊಸ ಮಿಕ್ಸಿಯನ್ನು ಪೆಟ್ಟಿಗೆಯಿಂದ ತೆಗೆದು ಗುಂಡಿ ಒತ್ತುವಷ್ಟರಲ್ಲಿ ಇವನ ಪ್ರಶ್ನೆ ಸಿದ್ಧ: "ಕೆಟ್ರ ಏನು ಮಾಡಾದು?" ಸಿರುಗುಪ್ಪದಲ್ಲಿ ರಿಪೇರಿಯಾಗದ ಯಾವ ವಸ್ತುವೂ ಅವನ ಮನೆಯ ಹೊಸ್ತಿಲು ದಾಟಿಲ್ಲ. ಅದಕ್ಕೇ ನೋಡಿ, ಅವನ ಮನೆಯಲ್ಲಿ ಇವತ್ತಿಗೂ ಬೆನ್ನು ಉಬ್ಬಿದ ಹಳೇ ಟಿ.ವಿ. ಅದನ್ನು ಬಿಚ್ಚಬಲ್ಲ ಮೆಕ್ಯಾನಿಕ್ಕು ಬಸ್ ಸ್ಟ್ಯಾಂಡಿನ ಹಿಂದೆ ಇನ್ನೂ ಗಟ್ಟಿಮುಟ್ಟಾಗಿದ್ದಾನಂತೆ!

ಹೆಣ್ಣು ನೋಡಲು ಕುರುಗೋಡಿಗೆ ಹೋದಾಗಲೂ ಇದೇ ಕಥೆ. ಉಪ್ಪಿಟ್ಟು ತಿಂದು ಕೈ ತೊಳೆದವನೇ ಹುಡುಗಿಯ ತಂದೆಯನ್ನು ಕೇಳಿದ: "ಮುಂದ ನಮ್ಮಿಬ್ರಿಗೂ ಕೆಟ್ರ ಏನು ಮಾಡಾದ್ರಿ?" ನಮ್ಮವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಚಪ್ಪಲಿ ಹುಡುಕತೊಡಗಿದ. ಆಗ ಒಳಗಿನಿಂದ ಒಂದು ದನಿ ಬಂತು: "ಕೆಟ್ರ ನಾ ಸರಿ ಮಾಡ್ತೀನಿ ಅಂತ ಹೇಳ್ರಿ ಅವರಿಗೆ!" ಆ ದನಿಯೇ ಈಗ ನಮ್ಮತ್ತಿಗೆ. ಹೇಳಿದಂತೆ ಮಾಡಿದ್ದಾಳೆ ಎಂಬುದಕ್ಕೆ ಅಕ್ಕಪಕ್ಕದ ಮನೆಯವರೇ ಸಾಕ್ಷಿ.

ಅಣ್ಣ ಓದಿಲ್ಲ ಅಂದುಕೊಳ್ಳಬೇಡಿ. ಡಿಪ್ಲೊಮಾ ಮಾಡಲು ಬಳ್ಳಾರಿಗೆ ಬಂದಿದ್ದವನೇ. ಮೊದಲ ವರ್ಷ ಮುಗಿಯುವುದರೊಳಗೆ ಟ್ರಂಕು ಹೊತ್ತು ಊರಿಗೆ ವಾಪಸಾದ. ಯಾಕೆಂದು ಯಾರು ಕೇಳಿದರೂ ಒಂದೇ ಉತ್ತರ: "ಹಾಸ್ಟೆಲಿನ್ಯಾಗ ಊಟ ಸರಿ ಇರಲಿಲ್ಲ." ಊಟಕ್ಕಾಗಿ ಓದು ಬಿಟ್ಟ ಪುಣ್ಯಾತ್ಮ ಅಂತ ಮದುವೆ ಮನೆಗಳಲ್ಲಿ ಎಲ್ಲರೂ ಅವನ ಎಲೆಗೆ ಹೋಳಿಗೆ ಹೆಚ್ಚಿಗೆ ಹಾಕಿ ನಗುತ್ತಾರೆ. ಅವನೂ ನಗುತ್ತಾನೆ, ಹೋಳಿಗೆಯನ್ನೂ ತಿನ್ನುತ್ತಾನೆ.

ಇಂಥವನನ್ನು ಈ ಸಲ ನಾನಾಗಿಯೇ ಬಳ್ಳಾರಿಗೆ ಕರೆಸಿಕೊಂಡೆ. ಮಗಳ ಸಿಇಟಿ ರ‍್ಯಾಂಕು ಬಂದಿತ್ತು. ಕಂಪ್ಯೂಟರ್ ಸೈನ್ಸ್ ಎಂಬುದು ಮೊದಲೇ ತೀರ್ಮಾನವಾಗಿತ್ತು. ಆದರೆ ಈಗ ಕಂಪ್ಯೂಟರ್ ಸೈನ್ಸ್ ಒಂದೇ ಎಲ್ಲಿದೆ? ಅದರ ಬಾಲಕ್ಕೆ ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಡಿಸೈನು, ಎ.ಐ. ಅಂತ ಏನೇನೋ ಕಟ್ಟಿದ್ದಾರೆ. ಮಗಳಿಗೆ (ನಮಗೆಲ್ಲ ಅವಳಿನ್ನೂ 'ಪಾಪ'ವೇ) ಎ.ಐ. ಬೇಕು. ನಮ್ಮ ಮನೆಯವರಿಗೆ ಬಾಲವಿಲ್ಲದ ಕಂಪ್ಯೂಟರ್ ಸೈನ್ಸೇ ಆಗಬೇಕು. ಬೇಕಾದ ಕೋರ್ಸುಗಳನ್ನು ಸಾಲಾಗಿ ತುಂಬುವ ಆಪ್ಷನ್ ಎಂಟ್ರಿ ನಾಳೆಗೆ ಮುಗಿಯುತ್ತದೆ, ಅಪ್ಪ ಮಗಳು ಮಾತು ಬಿಟ್ಟು ಕೂತಿದ್ದಾರೆ. ಅವಳು ಕಿವಿಗೊಡುವುದು ಸೋದರಮಾವನ ಮಾತಿಗೆ ಮಾತ್ರ. ಫೋನು ಮಾಡಿದೆ.

"ಅಣ್ಣ, ಪಾಪ ಎ.ಐ. ತಗಂತೀನಿ ಅಂತ ಹಟ ಹಿಡಿದಾಳ."

ಆ ಕಡೆಯಿಂದ ಅಣ್ಣ, "ಆಗ್ಲಿ ಬಿಡಲೇ ತಂಗಿ. ಹೆಣ್ಮಕ್ಕಳು ಮಾಡಬಾರದು ಅಂತ ಏನೈತಿ? ಎಮ್ಮಿ ಒದೀತಾವ, ಅಷ್ಟು ಹುಷಾರಿದ್ರ ಸಾಕು" ಎಂದ.

ಎಮ್ಮೆ? ನನಗೆ ತಲೆಬುಡ ತಿಳಿಯಲಿಲ್ಲ. ಸಂಜೆ ಅತ್ತಿಗೆ ಫೋನಿನಲ್ಲಿ ಬಿಡಿಸಿ ಹೇಳಿದ ಮೇಲೆ ನಗು ತಡೆಯಲಾಗಲಿಲ್ಲ. ಎಮ್ಮೆ ಕಟ್ಟಿದವರಿಗೆ ಎ.ಐ. ಅಂದರೆ ಒಂದೇ ಅರ್ಥ, ದನದ ದವಾಖಾನೆಯವರು ಬಂದು ಎಮ್ಮೆಗೆ ಗರ್ಭ ಕಟ್ಟಿಸುವ ಸೂಜಿ! "ದೇಶನೂರು ಕಡೆ ಎ.ಐ. ಮಾಡೋರು ಟೈಮಿಗೆ ಸಿಗಲ್ಲ, ನಮ್ಮ ಎಮ್ಮಿ ಬೆದಿಗೆ ಬಂದದ್ದು ಸುಮ್ನ ಹೋತು. ಪಾಪ ಕಲಿತ್ರ ಊರಿಗೇ ಉಪಕಾರ" ಅಂತ ಹಾಲಿನ ಡೇರಿಯಲ್ಲಿ ಆಗಲೇ ಸುದ್ದಿ ಹಬ್ಬಿಸಿದ್ದನಂತೆ. ಅಲ್ಲಿದ್ದವರು ಮುಂಗಡವಾಗಿ ಅವಳ ಫೋನ್ ನಂಬರು ಕೇಳಿದರಂತೆ!

ಮರುದಿನ ಬೆಳಿಗ್ಗೆ ಮೊಸರಿನ ಕ್ಯಾನು ಹಿಡಿದು ಬಸ್ಸಿಳಿದ. ನಿಜವಾದ ಎ.ಐ. ಏನೆಂದು ತಿಳಿಯಲು ಅವನನ್ನು ಒಂದು ಕಾಲೇಜಿಗೆ ಕರೆದುಕೊಂಡು ಹೋದೆವು. ಅಡ್ಮಿಷನ್ ವಿಭಾಗದ ಹುಡುಗಿ ಒಂದೇ ಉಸಿರಿನಲ್ಲಿ ವಿವರಿಸಲು ಶುರುಮಾಡಿದಳು.

"ಇದರಲ್ಲಿ ಮಷೀನು ತಾನೇ ಕಲಿಯುತ್ತೆ ಸಾರ್."

"ಅದೇ ಕಲಿತಂದ್ರ ನಮ್ಮ ಹುಡುಗಿ ಫೀಸು ಯಾಕ ಕಟ್ಟಬೇಕು?"

"ಕಲಿಸೋದು ಹೇಗೆ ಅಂತ ಇವರು ಕಲೀತಾರೆ ಸಾರ್."

"ಹಂಗನ್ರಿ. ಮತ್ತ ಕೆಟ್ರ?"

"ಏನು ಕೆಟ್ರೆ ಸಾರ್?"

"ಈ ಕೋರ್ಸು."

"ಕೋರ್ಸ್ ಹೆಂಗೆ ಕೆಡುತ್ತೆ ಸಾರ್!"

"ಕೆಡಲ್ಲ ಅಂದೋರ ಹತ್ರ ನಾ ಪಂಪ್‌ಸೆಟ್ಟೂ ತಗಂಡಿಲ್ಲವ್ವ" ಎಂದು ಅಣ್ಣ ಎದ್ದೇಬಿಟ್ಟ. ನಮ್ಮ ಮನೆಯವರು ಗೆದ್ದವರಂತೆ ಮೀಸೆ ತಿರುವಿದರು. ಬಾಲವಿಲ್ಲದ ಕಂಪ್ಯೂಟರ್ ಸೈನ್ಸನ್ನು ವಿಚಾರಿಸಿದಾಗಲೂ ಅದೇ ಪ್ರಶ್ನೆ ಬಂತು ನೋಡಿ, ಮೀಸೆ ಕೆಳಗಿಳಿಯಿತು.

ಸಂಜೆ ಮನೆಯಲ್ಲಿ ಲ್ಯಾಪ್‌ಟಾಪು ತೆರೆದು ಕೂತೆವು. ಅಪ್ಪ ಮಗಳ ವಾದ ಮತ್ತೆ ಶುರುವಾಯಿತು. ಕ್ಯಾಂಪಸ್ಸು, ಪ್ಯಾಕೇಜು, ಪ್ಲೇಸ್‌ಮೆಂಟು. ಅಣ್ಣ ನಡುವೆ ಬಾಯಿ ಹಾಕಿದ: "ಪಾಪ, ಇದು ಕೆಟ್ರ ಏನು ಮಾಡಾದು?"

ನಾನು ನಗಲು ಬಾಯಿ ತೆರೆದೆ. ಮಗಳು ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು.

"ಅದೇ ಮಾಮ ನನಗ ಹೆದರಿಕಿ. ನನಗ ಇಷ್ಟ ಇರೋದು ಎ.ಐ.ನೇ. ಆದ್ರ ನನ್ನಿಂದ ಆಗದೇ ಹೋದ್ರ? ನಾನೇ ಆರಿಸಿ, ನಾನೇ ಫೇಲಾಗಿ ಬಂದ್ರ ಮನ್ಯಾಗ ಯಾರಿಗೆ ಮುಖ ತೋರಿಸಲಿ?"

ಇಷ್ಟು ದಿನ ಹಟವೆಂದು ನಾವು ತಿಳಿದದ್ದು ಇದೇನಾ? ನಮ್ಮ ಮನೆಯವರು ಲ್ಯಾಪ್‌ಟಾಪಿನಿಂದ ಕೈ ತೆಗೆದರು.

"ಕೆಟ್ರ ಮನಿಗೆ ಬಾ" ಎಂದ ಅಣ್ಣ. "ನಿಮ್ಮಪ್ಪನ ಮನಿಗೆ ಬರಾಕ ಆಗಲಿಲ್ಲಂದ್ರ ಸಿರುಗುಪ್ಪಕ್ಕ ಬಾ. ಮೊದಲು ಊಟ ಮಾಡು. ಆಮ್ಯಾಕ ಹೆಂಗ ಸರಿ ಮಾಡಾದು ಅಂತ ಇಬ್ರೂ ಕುಂತು ನೋಡಾನ. ಹೊಡತ ಇಲ್ಲ, ಬೈಗುಳ ಇಲ್ಲ." ಮೊಸರಿನ ಕ್ಯಾನಿನ ಮುಚ್ಚಳವನ್ನು ತಿರುಗಿಸುತ್ತ ಹೇಳಿದ: "ನಾ ಫೇಲಾಗಿ ಟ್ರಂಕ್ ಹೊತ್ಕಂಡು ಬಂದಾಗ ಅಪ್ಪ ಬಾಗಲಾಗ ನಿಂತಿದ್ದ. ಆಮ್ಯಾಕ ಭಾಳ ದಿನ ನನ್ನ ಮಾತಾಡಿಸಲಿಲ್ಲ. ಆಗ ನನಗ ಯಾರೂ ಹಿಂಗ ಹೇಳಲಿಲ್ಲ ನೋಡು."

ಫೇಲಾಗಿ! ಊಟ ಸರಿ ಇರಲಿಲ್ಲವೆಂದು ಇಷ್ಟು ವರ್ಷ ನಮ್ಮನ್ನೆಲ್ಲ ನಗಿಸಿದವನು.

"ಎ.ಐ.ನೇ ಮೊದಲು ಹಾಕು" ಎಂದರು ನಮ್ಮ ಮನೆಯವರು, ಮಗಳ ಕಡೆಗೆ ಲ್ಯಾಪ್‌ಟಾಪು ಸರಿಸುತ್ತ.

ನಾನು ಒಳಗೆ ಹೋಗಿ ರೊಟ್ಟಿ ತಟ್ಟಿದೆ. ಅಣ್ಣನಿಗೆ ಬಡಿಸುತ್ತ, "ಊಟ ಸರಿ ಐತೇನಣ್ಣ?" ಎಂದು ಕೇಳಿದೆ.

"ಭಾಳ ಚಲೋ ಐತಿ ತಂಗಿ" ಎಂದ, ತಟ್ಟೆಯಿಂದ ತಲೆ ಎತ್ತದೆ.