ಆರ್ಥರ್ ದೊರೆಯ ಕನ್ನಡ

ಮದುವೆಗೆ ಜಾತಕ ಹೊಂದಿಸುವುದಾದರೂ ಸುಲಭ, ಪರದೇಶದಲ್ಲಿ ಕನ್ನಡ ನಾಟಕಕ್ಕೆ ಪಾತ್ರಧಾರಿಗಳನ್ನು ಹೊಂದಿಸುವುದು ಕಷ್ಟ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಆಸ್ಟಿನ್ನಿನ ನಮ್ಮ ಕನ್ನಡ ಕೂಟದವರು ರಾಜ್ಯೋತ್ಸವದ ನಾಟಕವನ್ನು ನನ್ನ ತಲೆಗೆ ಕಟ್ಟಿದರು. ಅದರಲ್ಲೊಬ್ಬ ಬ್ರಿಟಿಷ್ ಕಲೆಕ್ಟರ್ ಇದ್ದ. ಬೆಳ್ಳಗಿದ್ದಾರೆಂಬ ಒಂದೇ ಅರ್ಹತೆಯ ಮೇಲೆ ಹ್ಯೂಸ್ಟನ್ನಿನ ಡಾಕ್ಟರ್ ಅಂಕಲ್ ಒಬ್ಬರನ್ನು ಆರಿಸಿದ್ದೆ. ಇನ್ನೇನು ದಿನ ಹತ್ತಿರ ಬಂತು ಎನ್ನುವಾಗ ಅವರ ಫೋನ್: "ಆವತ್ತೇ ನಂಗೆ ಡ್ಯೂಟಿ ಬಿದ್ದಿದೆ ಕಣಪ್ಪಾ. ಪೇಷಂಟ್ ಬಿಟ್ಟು ನಾಟಕಕ್ಕೆ ಬಂದ್ರೆ ನಿಜವಾಗ್ಲೂ ದುರಂತ ಆಗತ್ತೆ."

ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ನನ್ನ ಹೆಂಡತಿ ಸುಮಾ, "ಪಕ್ಕದ ಮನೇಲಿ ಅಸಲಿ ಬ್ರಿಟಿಷರೇ ಇದಾರಲ್ಲ, ಕೇಳಬಾರ್ದಾ?" ಎಂದಳು. ಆಸ್ಟಿನ್ನಿಗೆ ಅಂಟಿಕೊಂಡ ಸೀಡರ್ ಪಾರ್ಕ್ ಎಂಬ ಊರಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಮಗಳ ಜೊತೆಗಿದ್ದ ಆರ್ಥರ್ ಲಂಡನ್ನಿನ ಹಳೆಯ ನಟ. ಕುಳ್ಳು ಆಳು, ಗುಂಡು ಮೈ. ಹಾಗಾಗಿ ರಂಗದ ಮೇಲೆ ಆಯುಷ್ಯವೆಲ್ಲ ಟ್ರೇ ಹಿಡಿದು "ಊಟ ತಯಾರಿದೆ, ಸ್ವಾಮಿ" ಎನ್ನುವ ಸೇವಕನೇ. ರೇಡಿಯೋದಲ್ಲಿ ಎತ್ತರ ಕೇಳಿಸುವುದಿಲ್ಲವಷ್ಟೆ. ಅಲ್ಲಿ ಅವರು ರಾಜ, ಸೇನಾಪತಿ, ಒಮ್ಮೆ ದೇವರೂ ಆಗಿದ್ದರಂತೆ. ನನ್ನ ಬೇಡಿಕೆ ಕೇಳಿ, "ಜನ ಕಣ್ಣಾರೆ ನೋಡುವ ಹಾಗೆ ನಾನು ಒಂದು ಸಲವೂ ದೊಡ್ಡ ಮನುಷ್ಯ ಆಗಿಲ್ಲ" ಎಂದರು ಇಂಗ್ಲಿಷಿನಲ್ಲಿ. ದೇವರ ಪಾತ್ರ ಮಾಡಿದ ಆ ದನಿ ಸಣ್ಣದಾಗಿತ್ತು.

ತೊಡಕು ಶುರುವಾದದ್ದು ಪ್ರಾಕ್ಟೀಸಿನಲ್ಲಿ. ಸುಮಾ ಹೇಳಿಕೊಟ್ಟದ್ದನ್ನು ಕಿವಿಯಲ್ಲೇ ಹಿಡಿದ ಆರ್ಥರ್, ಅಚ್ಚ ಮೈಸೂರು ಕನ್ನಡದಲ್ಲಿ "ನಾಳೆಯೊಳಗೆ ಕಂದಾಯ ಕಟ್ಟಬೇಕು, ತಿಳಿಯಿತೇ?" ಎನ್ನತೊಡಗಿದರು. ನಾನು ಕಂಗಾಲಾದೆ. ನಾಟಕದ ದೊರೆ "ಟುಮ್ ಎಲ್ಲಾ ಕಂಡಾಯ ಕಟ್‌ಬೇಕು" ಅನ್ನದಿದ್ದರೆ ಜನ ಒಪ್ಪುತ್ತಾರೆಯೇ? ಇಂಗ್ಲಿಷರು ಹೇಗೆ ಮಾತಾಡುತ್ತಾರೆಂದು ಇಂಗ್ಲಿಷರೊಬ್ಬರಿಗೇ ಸಂಜೆಗಟ್ಟಲೆ ಹೇಳಿಕೊಟ್ಟೆ. ಕೊನೆಗೆ ಅವರು ಬೇಸರಿಸದೆ, "ನಿಮ್ಮ ಭಾಷೆಯನ್ನು ಇಷ್ಟಪಟ್ಟು ಕಲಿತೆ. ಕೆಡಿಸಿ ಹೇಳುವ ಮನಸ್ಸಿಲ್ಲ" ಎಂದರು. ಸುಮಾ, "ನೀವು ಸುಮ್ನಿರ್ರೀ" ಎಂದಳು. ಸುಮ್ಮನಾದೆ.

ನಾಟಕದ ದಿನ ಡಾಲಸ್ಸಿನಿಂದಲೂ ಜನ ಡ್ರೈವ್ ಮಾಡಿಕೊಂಡು ಬಂದಿದ್ದರು. ಯಾರಿಗೂ ಬೇಡವಾದ ಜವಾನನ ಪಾತ್ರ ನನಗೇ ಉಳಿದಿತ್ತು. ರೈತರು ಬಂದಿದ್ದಾರೆ ಎಂದು ದೊರೆಗೆ ತಿಳಿಸುವುದಷ್ಟೇ ಕೆಲಸ. ತುಂಬಿದ ಸಭೆ ನೋಡಿದ್ದೇ ತಡ, ಮಾತು ಮಾಯ. ಬಾಯಿ ತೆರೆದುಕೊಂಡು ನಿಂತೆ. ಆರ್ಥರ್ ನಿಧಾನವಾಗಿ ಕುರ್ಚಿಯಿಂದೆದ್ದು, ನನ್ನ ಭುಜದ ಮೇಲೆ ಕೈಯಿಟ್ಟು, "ಏನಪ್ಪಾ, ರೈತರು ಬಂದಿದ್ದಾರೆಯೇ? ಒಳಗೆ ಕಳಿಸು" ಎಂದರು. ನಾಟಕದಲ್ಲೇ ಇಲ್ಲದ ಮಾತು! ಪ್ರಾಕ್ಟೀಸಿನಲ್ಲಿ ಕೇಳಿದ ಬೇರೆಯವರ ಮಾತುಗಳಿಂದ ಹೆಕ್ಕಿ ಅಲ್ಲೇ ಜೋಡಿಸಿದ್ದು. ನಾಟಕ ಉಳಿಯಿತು. ಕೊನೆಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದಾಗ ಆರ್ಥರ್ ಕಣ್ಣೊರೆಸಿಕೊಂಡರು. ಪರದೆಯ ಹಿಂದೆ ನಾನು ಅವರ ಕಾಲಿಗೆ ಬಿದ್ದೆ. ನಾನೇನೋ ಬೀಳಿಸಿಕೊಂಡು ಹುಡುಕುತ್ತಿದ್ದೇನೆಂದು ಅವರೂ ಬಗ್ಗಿ ಹುಡುಕಿದರು.

ಜವಾನನ ಅಂಟುಮೀಸೆ ಕಿತ್ತಿಟ್ಟು ಊಟದ ಸಾಲಿಗೆ ಬಂದರೆ ಧಾರವಾಡದ ಕಡೆಯ ಆಂಟಿಯೊಬ್ಬರು, "ಆ ಕಲೆಕ್ಟರ್ ಭಾಳ ಚಂದ ಮಾಡ್ಯಾರ ನೋಡ್ರಿ. ಆದ್ರ ಆ ಜವಾನನ ಪಾರ್ಟ್ ಮಾಡಿದಾಂವ ಯಾರ್ರಿ? ಪಾಪ, ಕನ್ನಡ ಬರೂದಿಲ್ಲ ಕಾಣಸ್ತದ. ಇಲ್ಲೇ ಹುಟ್ಟಿದ ಹುಡುಗಾ ಏನು?" ಎಂದು ನನ್ನನ್ನೇ ಕೇಳಿದರು.

"ಹೌದು ಆಂಟಿ," ಎಂದೆ, "ಈಗೀಗ ಕಲೀತಿದಾನೆ."